ನಾಲ್ಕು ಸಾಲಿನ ಜಾಗ

ಪುಟದ ತಳದಲ್ಲಿ ಬಿಳಿ ಜಾಗ ಉಳಿದಿದ್ದನ್ನು ಕಂಡರೆ ಅವನಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತಿತ್ತು. ಬೇಡವೆಂದರೂ ನಾಲಗೆ ಅಲ್ಲಿಗೇ ಹೋಗುತ್ತದೆ. ಇವತ್ತು ಸಭೆಯ ಕೋಣೆಯ ಗೋಡೆಯುದ್ದಕ್ಕೂ ಪಿನ್ನು ಚುಚ್ಚಿ ನಿಲ್ಲಿಸಿದ್ದ ನಲವತ್ತೆಂಟು ಪುಟಗಳಲ್ಲಿ ಅಂಥ ಜಾಗ ಹತ್ತೊಂಬತ್ತು ಕಡೆ ಇತ್ತು. ಎಣಿಸಬಾರದು ಎಂದುಕೊಳ್ಳುತ್ತಲೇ ಎಣಿಸಿದ್ದ. ಉಳಿದವರು ಕೈಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಬಾಡಿಗೆಗೆ ಮನೆ ನೋಡಲು ಬಂದವರ ಹಾಗೆ ನೋಡುತ್ತಿದ್ದರು. ವಾರಪತ್ರಿಕೆಯ ಹೊಸ ರೂಪ. ಮುಂದಿನ ವಾರದಿಂದ ಹೀಗೇ ಬರುವುದು. ಅಕ್ಷರ ತುಸು ದೊಡ್ಡದಾಗಿದೆ, ಅಂಚು ಅಗಲವಾಗಿದೆ, ಕಥೆಯೊಂದು ಮುಗಿದರೆ ಮುಗಿಯಿತು, ಅದರ ಕೆಳಗೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಸಂಪಾದಕರು ಬೆರಳಲ್ಲಿ ತೋರಿಸಿ, “ನೋಡಿ, ಎಷ್ಟು ಹಾಯಾಗಿದೆ,” ಎಂದರು. ಎಲ್ಲರೂ ಹೌದು ಹೌದು ಎಂದರು. ಅವನೂ ಎಂದ. ಎಂದಮೇಲೆ, ತನ್ನ ದನಿ ಉಳಿದವರಿಗಿಂತ ಒಂದು ಗಳಿಗೆ ತಡವಾಗಿ ಬಂತೆಂದು, ಅದನ್ನು ಎಲ್ಲರೂ ಗಮನಿಸಿದರೆಂದು ಅನ್ನಿಸಿ ಕಿವಿ ಬಿಸಿಯಾಯಿತು.

ಮೂವತ್ತೊಂದು ವರ್ಷದಿಂದ ಅವನ ಕೆಲಸ ಆ ಜಾಗಗಳೇ. ಕಥೆಯೋ ಲೇಖನವೋ ಪುಟದ ಬುಡ ಮುಟ್ಟದೆ ನಿಂತುಬಿಟ್ಟಾಗ ಕೆಳಗೆ ಉಳಿಯುವ ಎರಡು, ನಾಲ್ಕು, ಆರು ಸಾಲಿನ ಬಿಳಿಯೊಳಕ್ಕೆ ಏನಾದರೂ ತುಂಬುವುದು. ಆಕ್ಟೋಪಸ್ಸಿಗೆ ಮೂರು ಹೃದಯ. ಗಂಡ ಹೆಂಡತಿಯ ಒಂದು ನಗೆಹನಿ. ಬಟ್ಟೆಯ ಮೇಲೆ ಶಾಯಿ ಚೆಲ್ಲಿದರೆ ಏನು ಮಾಡಬೇಕು. ಅವಕ್ಕೆ ಹೆಸರು ಹಾಕುವ ಪದ್ಧತಿಯಿಲ್ಲ. ಗೋಡೆಯ ಬಿರುಕಿಗೆ ಗಾರೆ ಮೆತ್ತಿದವನು ಯಾರೆಂದು ಯಾರು ಕೇಳುತ್ತಾರೆ? ಕಚೇರಿಯಲ್ಲಿ ಯಾರೋ ಒಮ್ಮೆ ತಮಾಷೆಗೆ ‘ಸಂದಿ ಸಾರ್’ ಎಂದಿದ್ದರು. ತಮಾಷೆ ಎಂದೋ ಸತ್ತು ಹೆಸರು ಬದುಕಿಕೊಂಡಿತ್ತು. ಹೊಸದಾಗಿ ಸೇರಿದವರು ಅದು ಅವನ ಮನೆತನದ ಹೆಸರೆಂದೇ ತಿಳಿಯುತ್ತಿದ್ದರು. ಅವನೂ ಫೋನೆತ್ತಿ “ಸಂದಿ ಮಾತಾಡ್ತಿರೋದು” ಎನ್ನುವಷ್ಟು ಒಗ್ಗಿಹೋಗಿದ್ದ.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮೂವತ್ತೊಂದನೆಯ ಪುಟದ ಮುಂದೆ ನಿಂತಾಗ ಬಾಯಿ ತಾನಾಗಿ ತೆರೆದುಕೊಂಡಿತು. “ಇಲ್ಲೊಂದು ನಾಲ್ಕು ಸಾಲಿನ ಜಾಗ ಉಳಿದುಬಿಟ್ಟಿದೆಯಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಅದು ಕೆಟ್ಟ ನಗೆಯಲ್ಲ, ಅಜ್ಜ ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಮನೆಯವರು ನಗುತ್ತಾರಲ್ಲ, ಅಂಥದು. ಹೊಸ ವಿನ್ಯಾಸ ಮಾಡಿದವಳು ಮಾತ್ರ ನಗಲಿಲ್ಲ. ಮೂವತ್ತೈದರ ಆಸುಪಾಸಿನ, ಕೂದಲು ಗಿಡ್ಡ ಕತ್ತರಿಸಿಕೊಂಡ ಹೆಂಗಸು. ಎರಡು ತಿಂಗಳಿಂದ ಪ್ರತಿ ಪುಟವನ್ನೂ ಹೊಲಿಗೆ ಬಿಚ್ಚಿದ ಅಂಗಿಯ ಹಾಗೆ ಬಿಡಿಸಿಟ್ಟುಕೊಂಡು ಕೂತಿದ್ದವಳು.

“ಅದು ಉಳಿದಿದ್ದಲ್ಲ ಸಾರ್, ಬಿಟ್ಟಿದ್ದು,” ಎಂದಳು. “ಓದೋರ ಕಣ್ಣಿಗೂ ಕೂತ್ಕೊಳ್ಳೋಕೆ ಒಂದು ಜಾಗ ಬೇಕಲ್ವಾ.”

“ಬೇಕು ಬೇಕು,” ಎಂದು ಅವನೂ ನಕ್ಕ. ನಗು ಮುಗಿದ ಮೇಲೆ ತುಟಿಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಸಂಪಾದಕರು ಅವನ ಹೆಗಲ ಮೇಲೆ ಕೈಯಿಟ್ಟು, “ಸಂದಿ ಸಾರ್, ನೀವೇನೂ ಯೋಚನೆ ಮಾಡ್ಬೇಡಿ. ಇನ್ಮೇಲೆ ಓದುಗರ ಪತ್ರ ನೀವು ನೋಡ್ಕೊಳ್ಳಿ,” ಎಂದರು. ಓದುಗರ ಪತ್ರ ವಾರಕ್ಕೆ ಎರಡು ಬಂದರೆ ಹೆಚ್ಚು. ಅದರಲ್ಲೊಂದು ಪತ್ರಿಕೆ ತಲುಪಿಲ್ಲವೆಂಬ ದೂರು. ಇದು ಸಂಪಾದಕರಿಗೆ ಗೊತ್ತು, ಅವನಿಗೆ ಗೊತ್ತು, ಹೆಗಲ ಮೇಲಿದ್ದ ಕೈಗೂ ಗೊತ್ತಿದ್ದ ಹಾಗೆ ಅದು ಬೇಗ ಮೇಲೆದ್ದಿತು.

ಮೆಟ್ಟಿಲ ಹತ್ತಿರ ಅವಳು ಹಿಂದೆಯೇ ಬಂದಳು. “ತಪ್ಪು ತಿಳ್ಕೋಬೇಡಿ ಸಾರ್. ಚಿಕ್ಕವಳಿದ್ದಾಗ ಪತ್ರಿಕೆ ಬಂದ ತಕ್ಷಣ ನಾನು ಮೊದಲು ಓದ್ತಿದ್ದಿದ್ದೇ ಆ ಚುಟುಕುಗಳನ್ನ. ಆಮೆದೊಂದಿತ್ತು, ನೆನಪಿದೆಯಾ? ಆಮೆ ಜೀವಮಾನದಲ್ಲಿ ಒಂದೇ ಒಂದು ಸಲ ಕೂಗುತ್ತೆ ಅಂತ. ಎಷ್ಟು ದಿನ ಅದು ತಲೇಲೇ ಕೂತಿತ್ತು ಗೊತ್ತಾ. ನಿಜಾನಾ ಸಾರ್ ಅದು?”

“ನಿಜ, ನಿಜ,” ಎಂದ ಅವನು. “ಒಂದು ಪುಸ್ತಕದಲ್ಲಿತ್ತು.”

ಇಪ್ಪತ್ತೈದು ವರ್ಷದ ನಂತರವೂ ಆ ಸುಳ್ಳು ಎಷ್ಟು ಸಲೀಸಾಗಿ ಬಂತು. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಬಾಗಿಲ ಬಳಿ ಕೂತವಳಿಗೆ ಹೇಳಿ ಬೀದಿಗಿಳಿದ. ಹಾಗೆ ಹೇಳಿದ ಮೇಲೆಯೇ ತಾನು ಹೊರಟಿದ್ದು ಎಲ್ಲಿಗೆಂದು ಅವನಿಗೆ ಗೊತ್ತಾದದ್ದು. ಮಗಳ ಕನ್ನಡಕದ ಅಂಗಡಿ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಮಧ್ಯಾಹ್ನದ ಬೀದಿಯಲ್ಲಿ ಊಟಕ್ಕೆ ಹೊರಟವರು ಜೋಡಿ ಜೋಡಿಯಾಗಿ, ಗುಂಪು ಗುಂಪಾಗಿ ಎದುರಾಗುತ್ತಿದ್ದರು. ಪ್ರತಿ ಗುಂಪಿಗೂ ಅವನು ಕಾಲುದಾರಿಯಿಂದ ಇಳಿದು ದಾರಿ ಬಿಟ್ಟ. ಮೂಲೆಯ ಪತ್ರಿಕೆಯಂಗಡಿಯಲ್ಲಿ ಈ ವಾರದ ಸಂಚಿಕೆ ಕ್ಲಿಪ್ಪಿಗೆ ಸಿಕ್ಕಿ ನೇತಾಡುತ್ತಿತ್ತು, ಹಳೆಯ ರೂಪದ ಕೊನೆಯ ಸಂಚಿಕೆ. ಅದರಲ್ಲಿ ಅವನವು ಆರು ಇದ್ದವು. ಒಬ್ಬಾತ ನಿಂತು ಪುಟ ತಿರುವುತ್ತಿದ್ದ; ಅವನ ಕಣ್ಣು ಪುಟದ ಬುಡಕ್ಕೆ ಇಳಿಯುತ್ತದೆಯೇ ಎಂದು ಇವನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಾದ. ಆತ ಚಿತ್ರಗಳನ್ನಷ್ಟೇ ನೋಡಿ ತಿರುಗಿ ಇಟ್ಟುಬಿಟ್ಟ. ಅಂಗಡಿಯವನು ಇವನನ್ನು ನೋಡಿ, “ಏನು ಬೇಕು ಯಜಮಾನ್ರೇ,” ಎಂದ. ಏನೂ ಬೇಡವೆಂದು ಮುಂದೆ ನಡೆದ.

ಇಪ್ಪತ್ತೈದು ವರ್ಷದ ಹಿಂದೆ ಆಮೆ ಹುಟ್ಟಿದ್ದು ಪುಟಗಳು ಅಚ್ಚಿಗೆ ಹೋಗುವ ದಿನ. ಪುಟ ಅಂಟಿಸುವವನು ಬಾಗಿಲಲ್ಲಿ ನಿಂತು, “ಸಂದಿ ಸಾರ್, ನಾಲ್ಕು ಸಾಲು, ಐದು ನಿಮಿಷ,” ಎಂದಿದ್ದ. ಡ್ರಾಯರಿನಲ್ಲಿ ಬೇರೆ ಪತ್ರಿಕೆಗಳಿಂದ ಕತ್ತರಿಸಿಟ್ಟ ಚೀಟಿಗಳಲ್ಲಿ ಎರಡು ಸಾಲಿನವಿದ್ದವು, ಆರು ಸಾಲಿನವಿದ್ದವು, ನಾಲ್ಕು ಸಾಲಿನದು ಒಂದೂ ಇರಲಿಲ್ಲ. ಎರಡು ಸಾಲನ್ನು ಎಳೆದರೆ ನೀರು ಬೆರೆಸಿದ ಹಾಲಾಗುತ್ತದೆ. ಆರನ್ನು ಕತ್ತರಿಸಿದರೆ ನಗೆಹನಿಯಲ್ಲಿ ಹನಿ ಉಳಿದು ನಗೆ ಹೋಗುತ್ತದೆ. ಆಮೆ ಯಾಕೆ ಬಂತೋ ತಿಳಿಯದು. ಲಕೋಟೆಯೊಂದರ ಬೆನ್ನ ಮೇಲೆ ಬರೆದ: ‘ಆಮೆಗೆ ದನಿಯೇ ಇಲ್ಲವೆಂದು ತಿಳಿದವರು ಬಹಳ. ಆದರೆ ಆಮೆ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಕೂಗುತ್ತದೆ. ಯಾವಾಗ, ಯಾಕೆ ಎಂಬುದು ವಿಜ್ಞಾನಿಗಳಿಗೆ ಇನ್ನೂ ತಿಳಿದಿಲ್ಲ.’ ಒಂದಕ್ಷರ ಹೆಚ್ಚಾಗಲಿಲ್ಲ, ಒಂದಕ್ಷರ ಕಡಿಮೆಯಾಗಲಿಲ್ಲ. ಆ ಜಾಗವನ್ನು ಅಳೆದು ಹೊಲಿದ ಹಾಗೆ ಕೂತಿತು. ಆಗ ಅವನಿಗೆ ಆದ ಸಂತೋಷ ನಿಜವಾದದ್ದು. ಬೇರೆಯವರ ಚೀಟಿ ಅಂಟಿಸಿದಾಗ ಎಂದೂ ಆಗಿರಲಿಲ್ಲ, ಇದನ್ನು ಅವನು ಯಾರಿಗೂ ಹೇಳಲಿಲ್ಲ.

ಇಡೀ ಲೋಕದಲ್ಲಿ ಅವನನ್ನು ಅವನೆಂದು ತಿಳಿದು ಓದುತ್ತಿದ್ದವಳು ಒಬ್ಬಳೇ, ಅವನ ಮಗಳು. ಆಗ ಒಂಬತ್ತು ವರ್ಷದವಳು, ನೆಲದ ಮೇಲೆ ಬೋರಲಾಗಿ ಮಲಗಿ, ಕಾಲು ಮೇಲೆತ್ತಿ ಆಡಿಸುತ್ತ, ಪತ್ರಿಕೆಯನ್ನು ಕೊನೆಯ ಪುಟದಿಂದ ಹಿಂದಕ್ಕೆ ತಿರುವುತ್ತ, ಬುಡಬುಡವನ್ನಷ್ಟೇ ಓದುವಳು. “ಇದು ನಿಂದು, ಇದೂ ನಿಂದು.” ಆಮೆಯ ಹತ್ತಿರ ಬಂದು ಕಾಲು ಆಡಿಸುವುದು ನಿಂತುಹೋಯಿತು. ನೀರಲ್ಲಿದ್ದಾಗ ಕೂಗುತ್ತಾ ದಡದಲ್ಲಿದ್ದಾಗಲಾ? ಜೋರಾಗಿ ಕೂಗುತ್ತಾ ಮೆಲ್ಲಗಾ? ಒಂದು ಸಲ ಕೂಗಿ ಆದಮೇಲೆ ಇನ್ನು ಕೂಗೋ ಹಾಗಿಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ವಿಜ್ಞಾನಿಗಳಿಗೇ ಗೊತ್ತಿಲ್ವಂತೆ ಪುಟ್ಟಿ, ಎಂದ. ಆ ‘ಅಂತೆ’ಯೊಳಗೆ ಅಡಗಿಕೊಳ್ಳುವುದು ಎಷ್ಟು ಸುಲಭವಾಗಿತ್ತು.

ಸಿಗ್ನಲ್ಲಿನಲ್ಲಿ ಬಸ್ಸೊಂದು ಅವನ ಮೂಗಿನ ಮುಂದೆಯೇ ಹಾದುಹೋಯಿತು. ಅವತ್ತು, ಆಮೆ ಅಚ್ಚಾದ ಕೆಲವೇ ದಿನಕ್ಕೆ, ಮಗಳ ಶಾಲೆಯ ಮೇಷ್ಟ್ರ ಬೆರಳುಗಳು ಸೀಮೆಸುಣ್ಣದಿಂದ ಬೆಳ್ಳಗಾಗಿದ್ದವು. ಪತ್ರಿಕೆಯ ಪುಟದ ಮೇಲೆ ಆ ಬಿಳಿ ಮೆತ್ತಿಕೊಂಡಿತ್ತು. ಅವರು ಕರೆಸಿದ್ದಕ್ಕೆ ಅವನು ಅರ್ಧ ದಿನ ರಜೆ ಹಾಕಿ ಹೋಗಿದ್ದ. ತರಗತಿಯ ಬಾಗಿಲಲ್ಲೇ ನಿಲ್ಲಿಸಿಕೊಂಡು, ನಲವತ್ತು ಮಕ್ಕಳು ನೋಡುತ್ತಿದ್ದ ಹಾಗೆಯೇ, “ಇದು ನಿಮ್ಮ ಪತ್ರಿಕೆ ಅಂತೆ. ನಿಮ್ಮ ಮಗಳು ಮೂರು ದಿನದಿಂದ ನನ್ನ ಹತ್ರ ವಾದ ಮಾಡ್ತಿದ್ದಾಳೆ. ಆಮೆ ದನಿ ಮಾಡೋದನ್ನ ನಾನೇ ಎಷ್ಟೋ ಸಲ ಕೇಳಿದ್ದೀನಿ. ಎಲ್ಲಿಂದ ತಗೊಂಡ್ರಿ ಇದನ್ನ? ಸಂಪಾದಕರಿಗೆ ಒಂದು ಪತ್ರ ಬರೆಯೋಣ ಅಂತಿದ್ದೀನಿ,” ಎಂದರು. ಹಿಂದಿನ ತಿಂಗಳಷ್ಟೇ ಪತ್ರಿಕೆಯಲ್ಲಿ ಇಬ್ಬರನ್ನು ಕೆಲಸದಿಂದ ತೆಗೆದಿದ್ದರು. ಅದಕ್ಕೇ ಹಾಗೆ ಹೇಳಿದೆ ಎಂದು ಅವನು ಎಷ್ಟೋ ವರ್ಷ ತನಗೆ ತಾನೇ ಸಮಾಧಾನ ಮಾಡಿಕೊಂಡಿದ್ದ. ಆದರೆ ಪತ್ರದ ಮಾತು ಬರುವ ಮೊದಲೇ, ಮೇಷ್ಟ್ರ ಹುಬ್ಬು ಮೇಲೇರಿದಾಗಲೇ, ಮಾತು ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತೆಂಬುದೂ ಅವನಿಗೆ ಗೊತ್ತು. “ಅಯ್ಯೋ ಮೇಷ್ಟ್ರೇ, ಇವಳೇ ಎಲ್ಲೋ ಕೇಳಿದೆ ಅಂತ ಬಂದು ಹೇಳಿದ್ಳು. ಮಗು ಮಾತು ನಂಬ್ಕೊಂಡು ನಾನೂ ಹಾಕ್ಬಿಟ್ಟೆ.”

“ನೋಡಿದೆಯಾ,” ಎಂದು ಮೇಷ್ಟ್ರು ಅವಳ ಕಡೆ ತಿರುಗಿದರು, “ಒಂದು ಸುಳ್ಳು ಎಲ್ಲಿವರೆಗೂ ಹೋಗುತ್ತೆ ಅಂತ.” ತರಗತಿ ನಕ್ಕಿತು. ಅವಳು ಅಪ್ಪನನ್ನು ನೋಡಿದಳು. ಸಿಟ್ಟಿನಿಂದಲ್ಲ, ಅಳುವಿನಿಂದಲೂ ಅಲ್ಲ. ಚೀಲದಲ್ಲಿಟ್ಟಿದ್ದ ಪೆನ್ಸಿಲ್ಲನ್ನು ತಡಕಾಡುವವರ ಮುಖ ಇರುತ್ತದಲ್ಲ, ಹಾಗೆ. ಮನೆಗೆ ಬರುವಾಗ ಯಾವಾಗಿನಂತೆ ಅವನ ಬೆರಳು ಹಿಡಿದುಕೊಂಡೇ ನಡೆದಳು. ಕೈ ಕೊಡವಿಕೊಂಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಬೆಳೆದಳು, ಓದಿದಳು, ಮದುವೆಯಾದಳು. ಆರು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಾಗ ಎಲ್ಲ ಕಾಗದಪತ್ರಗಳನ್ನೂ ಒಂದು ಅಕ್ಷರ ತಪ್ಪಿಲ್ಲದೆ ತುಂಬಿದಳು. ಪ್ರತಿ ಭಾನುವಾರ ಅವನಿಗೆ ಅವಳ ಮನೆಯಲ್ಲಿ ಊಟ. ಮಾತಾಡುವಾಗ ಅವಳು ‘ಸುಮಾರು’, ‘ಇರಬಹುದು’, ‘ಸರಿಯಾಗಿ ನೆನಪಿಲ್ಲ’ ಎಂಬ ಪದಗಳನ್ನು ಹೆಚ್ಚು ಬಳಸುತ್ತಾಳೆಂದು ಅವನು ಎಂದೋ ಗಮನಿಸಿದ್ದ. ಅಳಿಯ ಅದಕ್ಕೆ ಹಾಸ್ಯ ಮಾಡುತ್ತಿದ್ದ: “ಇವಳನ್ನ ಹೆಸರು ಕೇಳಿದ್ರೂ, ಒಂದ್ನಿಮಿಷ, ನೋಡಿ ಹೇಳ್ತೀನಿ ಅಂತಾಳೆ.” ಎಲ್ಲರ ಜೊತೆ ಅವನೂ ನಗುತ್ತಿದ್ದ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ನೂರಾರು ಖಾಲಿ ಫ್ರೇಮುಗಳು ಗೋಡೆಯಿಂದ ಅವನನ್ನು ನೋಡಿದವು. ಮಗಳು ಮಸೂರವೊಂದನ್ನು ಬೆಳಕಿಗೆ ಹಿಡಿದು ಒರೆಸುತ್ತಿದ್ದಳು.

“ಏನಪ್ಪ, ಈ ಹೊತ್ತಲ್ಲಿ? ಕೆಲಸ ಇಲ್ವಾ?”

“ಅಕ್ಷರ ಯಾಕೋ ಮಸುಕು ಕಾಣ್ತಿದೆ.”

“ಯಾವಾಗಿಂದ?”

“ಇವತ್ತಿಂದ,” ಎಂದವನು ಅದು ಹಾಸ್ಯಾಸ್ಪದವೆನಿಸಿ, “ಒಂದೆರಡು ತಿಂಗಳಿಂದ,” ಎಂದು ತಿದ್ದಿಕೊಂಡ.

ಹಿಂದಿನ ಕತ್ತಲೆ ಕೋಣೆಯಲ್ಲಿ ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಅವನ ಕನ್ನಡಕ ತೆಗೆದು ಪಕ್ಕದ ತಟ್ಟೆಯಲ್ಲಿಟ್ಟಳು. ಪರೀಕ್ಷೆಯ ಭಾರದ ಫ್ರೇಮನ್ನು ಮೂಗಿನ ಮೇಲೆ ಕೂರಿಸಿದಳು. ಎದುರು ಗೋಡೆಯಲ್ಲಿ ಅಕ್ಷರಗಳು ಬೆಳಗಿದವು. ಕೆಲಸ ಶುರುವಾದೊಡನೆ ಅವಳ ಬಾಯಿಗೆ ಗಿರಾಕಿಗಳ ಮಾತೇ ಬಂತು. “ಎಡಗಣ್ಣು ಮುಚ್ಚಿದೀನಿ. ಬಲಗಣ್ಣಲ್ಲಿ ನೋಡಿ. ಇದು ಚೆನ್ನಾಗಿದೆಯಾ…” ಟಿಕ್ಕೆಂದು ಮಸೂರ ಬದಲಾಯಿತು. “ಇದಾ?”

ಎರಡೂ ಒಂದೇ ಥರ ಕಂಡವು. ಯಾವುದು ಎಂದರೆ ಅವಳಿಗೆ ಸರಿಹೋಗುತ್ತದೆಂದು ಅವನು ಅವಳ ಉಸಿರಿನಲ್ಲಿ ಹುಡುಕಿದ. “ಎರಡನೇದು.”

ಮತ್ತೆ ಟಿಕ್. “ಈಗ?”

“ಇದೇ. ಅಲ್ಲ, ಮೊದಲಿಂದು. ಯಾವುದು ಸರಿ?”

“ಇದ್ರಲ್ಲಿ ಸರಿ ತಪ್ಪು ಅಂತ ಇಲ್ಲ ಅಪ್ಪ,” ಎಂದಳು. ದನಿಯಲ್ಲಿ ಬೇಸರವಿರಲಿಲ್ಲ. “ನಿನಗೆ ಕಂಡಿದ್ದು ಹೇಳು, ಸಾಕು.”

ಅವಳ ಮುಖ ಇರಬೇಕಾದಲ್ಲಿ ಒಂದು ತಿಳಿ ಬಣ್ಣದ ಮೋಡವಷ್ಟೇ ಇತ್ತು. ಕಣ್ಣು ಮೂಗು ಕಾಣದಿದ್ದದ್ದರಿಂದಲೇ ಧೈರ್ಯ ಬಂತೇನೋ. “ಆ ಆಮೆ,” ಎಂದ. “ಶಾಲೇಲಿ, ಮೇಷ್ಟ್ರು ಕರೆಸಿದ್ರಲ್ಲ. ಅದು ನೀನು ಹೇಳಿದ್ದಲ್ಲ. ನಾನೇ ಕಟ್ಟಿದ್ದು. ಎಲ್ಲೂ ಓದಿರ್ಲಿಲ್ಲ, ಯಾರೂ ಹೇಳಿರ್ಲಿಲ್ಲ. ಪುಟದಲ್ಲಿ ಜಾಗ ಇತ್ತು. ಬರೆದೆ. ಅವ್ರು ಕೇಳಿದಾಗ ನಿನ್ನ ಮೇಲೆ ಹಾಕ್ಬಿಟ್ಟೆ.”

ಮಸೂರ ಹಿಡಿದಿದ್ದ ಕೈ ಅವನ ಕೆನ್ನೆಯ ಹತ್ತಿರವೇ ನಿಂತಿತು. ಅವಳು ಅಳುತ್ತಾಳೆಂದು, ಇಲ್ಲವೇ ‘ಹೋಗ್ಲಿ ಬಿಡಪ್ಪ, ಯಾವ ಕಾಲದ್ದೋ’ ಎನ್ನುತ್ತಾಳೆಂದು ದಾರಿಯುದ್ದಕ್ಕೂ ಎರಡಕ್ಕೂ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದ.

“ದೊಡ್ಡಮ್ಮ ಹೇಳಿದ್ದಲ್ವಾ ಅದು?” ಎಂದಳು.

“ಯಾವ ದೊಡ್ಡಮ್ಮ?”

“ಅಮ್ಮನ ಅಕ್ಕ. ಅವರ ಮನೆ ಹಿತ್ತಲಲ್ಲಿ, ಒಗೆಯೋ ಕಲ್ಲಿನ ಮೇಲೆ ನನ್ನ ಕೂರಿಸ್ಕೊಂಡು ತಲೆ ಬಾಚ್ತಿದ್ರು. ಬಾಚ್ತಾ ಬಾಚ್ತಾ ಹೇಳಿದ್ರು, ಆಮೆ ಒಂದೇ ಸಲ ಕೂಗುತ್ತೆ ಕಣೇ, ಅಂತ. ಬಾಚಣಿಗೆ ಹಲ್ಲು ಒಂದು ಮುರಿದಿತ್ತು. ನನಗೆ ಸರಿಯಾಗಿ ನೆನಪಿದೆ.”

ಸರಿಯಾಗಿ ನೆನಪಿದೆ ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ಅವನು ಕೇಳಿರಲೇ ಇಲ್ಲ. ಹೆಂಡತಿಯ ಅಕ್ಕ ತೀರಿಕೊಂಡಾಗ ಮಗಳಿಗೆ ಏಳು ವರ್ಷ. ಆಮೆ ಅಚ್ಚಾಗುವುದಕ್ಕೆ ಎರಡು ವರ್ಷ ಮೊದಲು.

“ಅವತ್ತು ನೀನು ಹಾಗಂದಾಗ,” ಮೋಡ ಮಾತಾಡುತ್ತಿತ್ತು, ನಿಧಾನವಾಗಿ, ಒಂದೊಂದೇ ಮಾತನ್ನು ಬೆಳಕಿಗೆ ಹಿಡಿದು ನೋಡಿದ ಹಾಗೆ, “ನಾನು ಯಾವಾಗ ಹೇಳಿದೆ, ಯಾರಿಂದ ಕೇಳಿದೆ ಅಂತ ತುಂಬ ಯೋಚನೆ ಮಾಡಿದೆ. ಅಪ್ಪ ಹೇಳ್ತಿದ್ದಾನೆ ಅಂದ್ರೆ ನಾನು ಹೇಳಿರಲೇಬೇಕು. ನೆನಪಿಗೇ ಬರ್ತಿರ್ಲಿಲ್ಲ. ತಲೆ ಸರಿಯಿಲ್ವೇನೋ ಅಂತ ಹೆದರಿಕೆ ಆಗ್ತಿತ್ತು. ಕೆಲವು ವಾರ ಆದಮೇಲೆ ಒಂದಿನ ದೊಡ್ಡಮ್ಮನ ನೆನಪು ಬಂತು. ಓ, ಇವರೇ, ಅಂತ ಎಷ್ಟು ನಿರಾಳ ಆಯ್ತು ಗೊತ್ತಾ. ನನಗೆ ದೊಡ್ಡಮ್ಮ ಅಂದ್ರೆ ಇರೋದು ಅದೊಂದೇ ಅಪ್ಪ. ಮುಖನೂ ನೆನಪಿಲ್ಲ. ಆ ಕಲ್ಲು, ಬಾಚಣಿಗೆ, ಆ ಮಾತು.”

ಅವನ ಗಂಟಲಲ್ಲಿ ಮಾತೊಂದು ಬಂದು ನಿಂತಿತು. ಅಳತೆಗೆ ಸರಿಯಾಗಿ, ಒಂದಕ್ಷರ ಹೆಚ್ಚಿಲ್ಲದೆ. ಇದ್ರೂ ಇರಬಹುದಮ್ಮ, ಅವರು ಅಂಥದ್ದೆಲ್ಲ ಹೇಳ್ತಿದ್ರು, ನಾನೂ ಅವರ ಬಾಯಲ್ಲೇ ಕೇಳಿ ಮರೆತಿದ್ದೆನೋ ಏನೋ. ಹಾಗೆಂದರೆ ಎಲ್ಲ ಉಳಿಯುತ್ತದೆ: ಕಲ್ಲು, ಬಾಚಣಿಗೆ, ಮುರಿದ ಹಲ್ಲು, ಇವಳ ನಿರಾಳ. ತನ್ನದೂ ಅರ್ಧ ಉಳಿಯುತ್ತದೆ. ಮೂವತ್ತೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ಹೊಂದುವ ಮಾತು ಇನ್ನೊಂದು ಸಿಕ್ಕಿರಲಿಲ್ಲ. ಫ್ರೇಮಿನ ಭಾರಕ್ಕೆ ಮೂಗು ನೋಯುತ್ತಿತ್ತು.

“ದೊಡ್ಡಮ್ಮ ಹೇಳಿಲ್ಲ,” ಎಂದ. “ಅದು ಇರ್ಲೇ ಇಲ್ಲ. ನಾನು ಬರೆದ ಮೇಲೇ ಅದು ಹುಟ್ಟಿದ್ದು.”

ಆಮೇಲೆ ಅವಳು ಕೇಳಿದಳು, “ಎಷ್ಟು ಜಾಗ ಇತ್ತು?”

“ನಾಲ್ಕು ಸಾಲು.”

“ನಾಲ್ಕು ಸಾಲು,” ಎಂದಳು. ಪ್ರಶ್ನೆಯಾಗಿ ಅಲ್ಲ, ಗಿರಾಕಿ ಹೇಳಿದ ನಂಬರನ್ನು ಬರೆದುಕೊಳ್ಳುವ ಮುಂಚೆ ಒಮ್ಮೆ ತಾನೂ ಹೇಳಿಕೊಳ್ಳುವವಳ ಹಾಗೆ.

ಮತ್ತೆ ಟಿಕ್ಕೆಂದು ಮಸೂರ ಬಿತ್ತು. ಅವಳು ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಬಲಗಣ್ಣು, ಎಡಗಣ್ಣು, ದೂರದ್ದು, ಹತ್ತಿರದ್ದು, ಎಲ್ಲವನ್ನೂ ನೋಡಿದಳು. ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ, ಕಾಣದಿದ್ದಾಗ ಕಾಣುತ್ತಿಲ್ಲವೆಂದ. ಮಸುಕು ನಿಜವಾಗಿಯೇ ಇತ್ತು. ಅವನ ಮೂಗಿನಿಂದ ಫ್ರೇಮು ತೆಗೆದು, ಹತ್ತಿರದ್ದರ ನಂಬರು ಬದಲಾಗಿದೆ, ಗುರುವಾರ ಸಿಗುತ್ತೆ, ಎಂದು ಚೀಟಿ ಬರೆದಳು. ದೀಪ ಹಾಕಿದ ಮೇಲೂ ಅವನತ್ತ ನೋಡದೆ, ಮಸೂರಗಳನ್ನು ಒಂದೊಂದಾಗಿ ಪೆಟ್ಟಿಗೆಯ ಗುಳಿಗಳಲ್ಲಿ ಜೋಡಿಸುತ್ತ ಹೇಳಿದಳು: “ಈ ಭಾನುವಾರ ಊಟಕ್ಕೆ ಬರೋದು ಬೇಡ ಅಪ್ಪ. ಯಾವಾಗ ಅಂತ ನಾನೇ ಫೋನ್ ಮಾಡ್ತೀನಿ.”

“ಆಯ್ತು,” ಎಂದ. ಇನ್ನೇನಾದರೂ ಸೇರಿಸಬೇಕೆನಿಸಿತು. ಸೇರಿಸಲಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದಳು. ಮಗಳು, “ಬನ್ನಿ, ಕೂತ್ಕೊಳ್ಳಿ,” ಎಂದು ಎದ್ದು ಹೋದಳು, ದನಿ ಯಾವಾಗಿನಂತೆಯೇ ಇತ್ತು. ಅವನು ಫ್ರೇಮುಗಳ ಗೋಡೆಯ ಪಕ್ಕದಿಂದ ಹಾದು, ಬಾಗಿಲು ತಳ್ಳಿ ಹೊರಬಿದ್ದ. ಬಿಸಿಲಿಗೆ ಬೀದಿಯೆಲ್ಲ ಅಂಚು ಕಳೆದುಕೊಂಡು ಒಂದರೊಳಗೊಂದು ಬೆರೆತುಹೋದಂತಿತ್ತು. ಎದುರಿಗೆ ಬಂದವರು ತೀರ ಹತ್ತಿರವಾಗುವವರೆಗೂ ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ತನ್ನ ಕಣ್ಣಲ್ಲಿ ನೀರು ಬಂದಿರಬೇಕೆಂದುಕೊಂಡು ಮುಟ್ಟಿ ನೋಡಿಕೊಂಡ, ಇರಲಿಲ್ಲ. ರಸ್ತೆ ದಾಟಿ, ಇನ್ನೂ ಸ್ವಲ್ಪ ದೂರ ನಡೆದು, ಕಚೇರಿಗೆ ಹೋಗುವುದೋ ಮನೆಗೋ ಎಂದು ಒಂದು ಕಂಬ ಹಿಡಿದು ನಿಂತ. ಎರಡು ಕಡೆಯೂ ಅವನಿಗಾಗಿ ಕಾಯುತ್ತಿದ್ದುದು ಏನೂ ಇರಲಿಲ್ಲ. ಇದು ದುಃಖವೆನಿಸುವ ಬದಲು, ಮೊದಲ ಸಲ, ಬರಿಯ ಒಂದು ಸಂಗತಿಯಂತೆ ಕಂಡಿತು.

“ಅಪ್ಪ.”

ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಅವನ ಕನ್ನಡಕವಿತ್ತು. ತಟ್ಟೆಯಲ್ಲೇ ಬಿಟ್ಟು ಬಂದಿದ್ದ. ಅವನು ಕೈ ಚಾಚಿದ. ಅವಳು ಕೈಗೆ ಕೊಡಲಿಲ್ಲ. ಗಿರಾಕಿಗಳಿಗೆ ತೊಡಿಸುವಂತೆ ಎರಡೂ ಕೈಯಲ್ಲಿ ಹಿಡಿದು, ಕಡ್ಡಿಗಳನ್ನು ಕಿವಿಯ ಹಿಂದಕ್ಕೆ ನಿಧಾನವಾಗಿ ಸರಿಸಿ, ಮೂಗಿನ ಮೇಲೆ ಕೂರಿಸಿದಳು. ಅವಳ ಮುಖ ಒಮ್ಮೆಲೇ ಮೂಡಿತು. ಕಣ್ಣು ಕೆಂಪಾಗಿತ್ತು.

“ಕಿವಿ ಹಿಂದೆ ಒತ್ತುತ್ತಾ?” ಎಂದಳು, ಅಭ್ಯಾಸಬಲದಿಂದ.

“ಸ್ವಲ್ಪ ಒತ್ತುತ್ತೆ.”

ಅವಳು ತಲೆಯಾಡಿಸಿದಳು. ಅಂಗಡಿಯಲ್ಲಿ ಗಿರಾಕಿ ಕೂತಿರುವುದು ನೆನಪಾಗಿ, ತಿರುಗಿ ನಡೆದಳು. ರಸ್ತೆಯಂಚಿಗೆ ಹೋಗಿ ಎರಡೂ ಕಡೆ ನೋಡಿದಳು. ಹಿಂದಕ್ಕೆ ನೋಡಲಿಲ್ಲ. ಅವಳು ದಾಟಿ ಆಚೆ ಸೇರುವವರೆಗೂ ಅವನು ನೋಡುತ್ತಿದ್ದ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.